ಮ್ಯಾನೇಜರನ ಗಂಟಲು

ಹೋಟೆಲಿನ ಫೋನ್ ಆಪರೇಟರ್ ಕೆಲಸ ಕಳೆದುಕೊಂಡದ್ದು ಕಿವಿಗೊಡದೆ ಇದ್ದದ್ದಕ್ಕೆ. ರೂಮಿನಲ್ಲಿ ಇಳಿದುಕೊಂಡವರ ಫೋನ್ ಮಾತುಗಳನ್ನು ಕದ್ದು ಕೇಳಿ ತನಗೆ ಒಪ್ಪಿಸಬೇಕೆಂದು ಮ್ಯಾನೇಜರ್ ಅಪ್ಪಣೆ ಮಾಡಿದ್ದ. ಅಂಥ ಹೊಲಸು ಕೆಲಸ ತನ್ನಿಂದಾಗದು ಎಂದ ಆಪರೇಟರ್. ಬಾಗಿಲು ಹಾಕಿದ ಕೋಣೆಯಲ್ಲಿ "ಹಾಗಾದ್ರೆ ನಾಳೆಯಿಂದ ಬರಬೇಡ" ಎಂದ ಮ್ಯಾನೇಜರ್, ಹೊರಗೆ ಬಂದವನೇ ಆಪರೇಟರ್ ತಾನಾಗಿ ಕೆಲಸ ಬಿಟ್ಟು ಓಡಿಹೋದನೆಂದು ಎಲ್ಲರ ಮುಂದೆ ಸಾರಿದ. ಕೆಲಸ ಹೋದದ್ದನ್ನಾದರೂ ಸಹಿಸಬಹುದಿತ್ತು, ಓಡಿಹೋದ ಎಂಬ ಮಾತನ್ನಲ್ಲ. ಅವನು ಕಾರ್ಮಿಕ ನ್ಯಾಯಾಲಯದ ಮೆಟ್ಟಿಲು ಹತ್ತಿದ.

ಸಾಕ್ಷಿ ಇಲ್ಲದಿದ್ದರೆ ಕೆಲಸ ಮತ್ತೆ ಸಿಗುವುದು ಕಷ್ಟ ಎಂದು ವಕೀಲರು ಕೈಚೆಲ್ಲಿದರು. ಆಪರೇಟರ್ ಮಾತ್ರ ಎದೆಗುಂದಲಿಲ್ಲ. ವರ್ಷಾನುಗಟ್ಟಲೆ ಫೋನೆತ್ತಿ ಊರಿನವರ ಧ್ವನಿಗಳನ್ನೆಲ್ಲ ಕೇಳಿಕೊಂಡು ಕೂತವನಿಗೆ ಯಾರ ಧ್ವನಿಯನ್ನಾದರೂ ಅನುಕರಿಸುವುದು ನೀರು ಕುಡಿದಷ್ಟು ಸಲೀಸು. ಮ್ಯಾನೇಜರ್ ಆಡಿದ ಮಾತನ್ನೇ ತಾನು ಆಡಿದರೆ ಸುಳ್ಳು ಹೇಗಾದೀತು? ಬಾಯಿ ಬೇರೆ, ಅಷ್ಟೇ.

ಒಂದು ಮಧ್ಯಾಹ್ನ ಕಿಟಕಿಗಳನ್ನೆಲ್ಲ ಮುಚ್ಚಿದ. ಮೊಬೈಲಿನ ತಾರೀಖನ್ನು ಹಿಂದಕ್ಕೆ ಸರಿಸಿ, ರೆಕಾರ್ಡಿಂಗ್ ಶುರು ಮಾಡಿ ಅಂಗಿ ಜೇಬಿಗಿಳಿಸಿದ. ಮ್ಯಾನೇಜರನ ಕೋಣೆಯಲ್ಲಿದ್ದಂತೆ ಫ್ಯಾನ್ ಗುಂಯ್ ಎನ್ನುತ್ತಿತ್ತು. ತನ್ನ ಮಾತಿಗೆ ಮುಖ ಕೆಳಗೆ, ಮ್ಯಾನೇಜರನ ಮಾತಿಗೆ ಗೋಡೆಯ ಕಡೆಗೆ. ಹಾಗಾದರೆ ಮೇಜಿನಾಚೆಯಿಂದ ಬಂದಂತೆ ಕೇಳುತ್ತದೆ. ನಡುವೆ ಒಂದು ಕೆಮ್ಮು. ಅತಿ ಮಾಡಲಿಲ್ಲ.

ಅಡುಗೆಮನೆಯಿಂದ ಹೆಂಡತಿ ಗಾಬರಿಯಾಗಿ ಓಡಿಬಂದಳು. "ರೀ, ಆ ಮನುಷ್ಯ ನಮ್ಮನೆಗ್ಯಾಕೆ ಬಂದಿದ್ದು? ಜಗಳಕ್ಕಾ?"

"ಅಲ್ಲ ಕಣೇ, ತಪ್ಪೊಪ್ಪಿಕೊಳ್ಳೋಕೆ" ಎಂದು ಅವನು ಬಿದ್ದು ಬಿದ್ದು ನಕ್ಕ.

ವಿಷಯ ತಿಳಿದ ಅವಳಿಗೆ ನಗು ಬರಲಿಲ್ಲ. "ಬೇಡ ರೀ. ನಿಜ ನಮ್ಮ ಕಡೆನೇ ಇದೆಯಲ್ಲ."

"ಇದೆ. ಆದ್ರೆ ಅದಕ್ಕೆ ಬಾಯಿಲ್ಲ. ನಾನು ಕೊಡ್ತಿದ್ದೀನಿ, ಸುಮ್ನಿರು."

ಅವಳನ್ನು ಒಳಗೆ ಕಳಿಸಿ ಮೊದಲಿನಿಂದ ಮತ್ತೆ ರೆಕಾರ್ಡ್ ಮಾಡಿದ.

ವಿಚಾರಣೆಯ ದಿನ ಇಸ್ತ್ರಿ ಹಾಕಿದ ಅಂಗಿ ತೊಟ್ಟು ತಲೆಯೆತ್ತಿಕೊಂಡೇ ಹೋದ. ಮ್ಯಾನೇಜರ್ ಯಾರ ಮಾತನ್ನೂ ಮುಗಿಯಗೊಡುತ್ತಿರಲಿಲ್ಲ. ಎರಡೂ ಕಡೆಯ ವಕೀಲರಿಗೆ ಅಡ್ಡ ಬಂದ, ಕೊನೆಗೆ ನ್ಯಾಯಾಧೀಶೆಗೂ "ಇಲ್ಲ ಇಲ್ಲ, ನಾನು ಹೇಳ್ತೀನಿ ಕೇಳಿ ಮೇಡಂ" ಎಂದ. ರೆಕಾರ್ಡ್ ಕೇಳಿಸಿದಾಗ ಮಾತ್ರ ಅವನ ಮುಖ ಬಿಳಿಚಿಕೊಂಡಿತು. ತನ್ನದೇ ಮಾತು, ತನ್ನದೇ ಧ್ವನಿ, ಅಲ್ಲವೆನ್ನುವುದು ಹೇಗೆ? ಅನುಭವಿಸು ಮಗನೇ ಎಂದುಕೊಂಡ ಆಪರೇಟರಿಗೆ ಗೆದ್ದಷ್ಟೇ ಖುಷಿಯಾಯಿತು.

ನ್ಯಾಯಾಧೀಶೆ ಅದನ್ನು ಇನ್ನೊಮ್ಮೆ ಹಾಕಿಸಿ, ಕಣ್ಣು ಮುಚ್ಚಿ ಕೇಳಿದರು. ಕಣ್ಣು ತೆರೆದಾಗ ನೋಡಿದ್ದು ಆಪರೇಟರನನ್ನು. "ಈ ಮನುಷ್ಯ ಬೆಳಗ್ಗಿಂದ ನನಗೇ ಒಂದು ಮಾತು ಮುಗಿಸೋಕೆ ಬಿಟ್ಟಿಲ್ಲ. ಇದರಲ್ಲಿ ಮಾತ್ರ ನೀವು ಮುಗಿಸೋ ತನಕ ಪ್ರತಿ ಸಲ ಕಾದಿದ್ದಾರೆ. ನೀವೂ ಕಾದಿದ್ದೀರಿ. ಇಷ್ಟು ದೊಡ್ಡ ಜಗಳದಲ್ಲಿ ಇಬ್ಬರೂ ಒಂದು ಸಲನಾದ್ರೂ ಒಟ್ಟಿಗೆ ಮಾತಾಡಿಲ್ಲವಲ್ಲ, ಯಾಕೆ? ಬಾಯಿ ಒಂದೇ ಇತ್ತಾ?" ಏನಾದರೂ ಹೇಳಲೇಬೇಕೆಂದು ಆಪರೇಟರ್ ಬಾಯಿ ತೆರೆದ. ಅಷ್ಟರಲ್ಲಿ ಮ್ಯಾನೇಜರ್ ನಡುವೆ ನುಗ್ಗಿ ಗಟ್ಟಿಯಾಗಿ ಶುರುಮಾಡಿದ. ಫೋನ್ ಮಾಡಿದವರು ಮಾತು ಮುಗಿಸುವ ತನಕ ಸುಮ್ಮನಿದ್ದೇ ಅಭ್ಯಾಸವಾದ ಆಪರೇಟರ್, ತುಂಬಿದ ನ್ಯಾಯಾಲಯದೆದುರು, ಅವನು ಮುಗಿಸಲೆಂದು ಕಾಯುತ್ತ ನಿಂತ.