ಗಂಡನನ್ನು ಒಪ್ಪದ ಲಕೋಟೆ

"ನೀವು ಈ ಮನೆಯವರಲ್ಲ! ದಯವಿಟ್ಟು ಮತಪತ್ರವನ್ನು ಕೆಳಗಿಡಿ!"

ಲಕೋಟೆ ಹೀಗೆ ಕಿರುಚಿದಾಗ ರಾಚಪ್ಪ ಹೊಸಕೇರಿ ತನ್ನದೇ ಮನೆಯ ಹೊಸ್ತಿಲ ಮೇಲೆ, ಒಂದು ಕಾಲಿಗೆ ಮಾತ್ರ ಚಪ್ಪಲಿ ಮೆಟ್ಟಿಕೊಂಡು ನಿಂತಿದ್ದ. ಹುಬ್ಬಳ್ಳಿಯ ಆ ಓಣಿಯ ಕಿಟಕಿಗಳೆಲ್ಲ ಪಟಪಟನೆ ತೆರೆದುಕೊಂಡವು. ಹಪ್ಪಳ ಒಣಹಾಕಲು ಹೋಗಿ ಮಾಳಿಗೆಯ ಮೆಟ್ಟಿಲಿನಿಂದ ಜಾರಿ ಕಾಲು ಮುರಿದುಕೊಂಡಿದ್ದ ಹೆಂಡತಿ ಕಸ್ತೂರಿ, ಒಳಗೆ ಮಂಚದ ಮೇಲೆ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು.

ಆ ಕಾಲದಲ್ಲಿ ಹಾಸಿಗೆ ಹಿಡಿದವರು ಮನೆಯಲ್ಲೇ ಮತ ಹಾಕಿ, ಮುಚ್ಚಿದ ಲಕೋಟೆಯನ್ನು ಚುನಾವಣಾ ಕಚೇರಿಯ ಪೆಟ್ಟಿಗೆಗೆ ಕಳಿಸಬಹುದಿತ್ತು. ಪಕ್ಷಗಳ ಪುಢಾರಿಗಳು ಮನೆಮನೆಗೆ ಹೋಗಿ ಚೀಲಗಟ್ಟಲೆ ಲಕೋಟೆ ಬಾಚತೊಡಗಿದಾಗ, ಮನೆಯವರಲ್ಲದೆ ಬೇರಾರೂ ಅದನ್ನು ಒಯ್ಯಕೂಡದೆಂದು ಕಾನೂನಾಯಿತು. ಮನೆಯವರು ಯಾರೆಂದು ಕಂಡುಹಿಡಿಯಲು ಬಂದದ್ದೇ ಈ ಮನೆಗುರುತು ಲಕೋಟೆ.

"ನಾನು ಆಕೀ ಗಂಡ ಅದೀನ್ರಿ!" ಎಂದು ರಾಚಪ್ಪ ಚುನಾವಣಾ ಕಚೇರಿಯಲ್ಲಿ ಮೇಜು ಗುದ್ದಿದ.

ಎದುರಿಗೆ ಕೂತಿದ್ದವರು ಆ ಲಕೋಟೆಯನ್ನು ರೂಪಿಸಿದ ವಿಜ್ಞಾನಿ ಡಾ. ಇಂದುಮತಿ ಗಲಗಲಿ. "ಲಕೋಟೆಗೆ ಗಂಡ ಹೆಂಡತಿ ತಿಳಿಯೂದಿಲ್ರಿ," ಎಂದರು. "ಒಂದೇ ಅಡಿಗಿಮನ್ಯಾಗ ಕೂಡಿ ಉಣ್ಣೋರ ಮೈಮ್ಯಾಲ ಒಂದೇ ನಮೂನಿ ಸೂಕ್ಷ್ಮಜೀವಿ ಇರ್ತಾವ. ಹಿಡಕೊಂಡ ಬೆರಳಿನಿಂದ ಲಕೋಟೆ ಅವನ್ನ ಓದತೈತಿ. ಗುರುತಿನ ಕಾರ್ಡು ಖೊಟ್ಟಿ ಮಾಡಬಹುದು, ಇದು ಆಗೂದಿಲ್ಲ. ಅಂದಂಗ, ನೀವು ಊಟ ಎಲ್ಲಿ ಮಾಡ್ತೀರಿ?"

ರಾಚಪ್ಪ ಮೇಜಿನ ಮೇಲಿನ ಕೈ ಹಿಂದಕ್ಕೆ ಎಳೆದುಕೊಂಡ. ವಿದ್ಯುತ್ ಇಲಾಖೆಯ ಎಂಜಿನಿಯರನಾದ ಅವನ ನಾಷ್ಟಾ ಕ್ಯಾಂಟೀನಿನಲ್ಲಿ, ಊಟ ಗುತ್ತಿಗೆದಾರರ ಜೊತೆ, ರಾತ್ರಿಯದು ಕ್ಲಬ್ಬಿನಲ್ಲಿ. ಮನೆಯೆಂದರೆ ಅವನಿಗೆ ಮಲಗುವ ಜಾಗ.

"ಮನ್ಯಾಗ ಉಣ್ರಿ," ಎಂದರು ಇಂದುಮತಿ. "ಕೊನೀ ದಿನಕ್ಕ ಇನ್ನೂ ಮೂರು ವಾರ ಐತಿ."

ಮನೆಗೆ ಬಂದರೆ, ದಿನವೂ ಕಸ್ತೂರಿಯ ಜೊತೆ ಕೂಡಿ ಉಣ್ಣುವ ಪಕ್ಕದ ಮನೆಯ ಹುಸೇನಬಿ ರೊಟ್ಟಿ ತಂದಿದ್ದಳು. ತಟ್ಟೆ ಇಡಲು ಜಾಗ ಮಾಡುತ್ತ ಲಕೋಟೆಯನ್ನು ಎತ್ತಿದಳು. ಹಸಿರು ದೀಪ ಹೊತ್ತಿತು. "ಮನೆಯವರು. ಧನ್ಯವಾದಗಳು," ಎಂದಿತು ಲಕೋಟೆ, ಜೇನಿನಂಥ ದನಿಯಲ್ಲಿ.

"ಹುಸೇನಬಿನೇ ಒಯ್ದು ಹಾಕ್ತಾಳ ಬಿಡ್ರಿ," ಎಂದಳು ಕಸ್ತೂರಿ.

"ನಾನಿದ್ದೂ ಬ್ಯಾರೇಯವರು ಒಯ್ಯೂದಾ? ಓಣ್ಯಾಗ ನನ್ನ ಮರ್ಯಾದಿ ಏನಾಗಬೇಕು?"

ಮರುದಿನದಿಂದ ರಾಚಪ್ಪ ರಜೆ ಹಾಕಿ ಒಲೆಯ ಮುಂದೆ ನಿಂತ. ಉಪ್ಪಿನ ಡಬ್ಬಿ ಎಲ್ಲಿದೆಯೆಂದು ಮಂಚಕ್ಕೂ ಅಡುಗೆಮನೆಗೂ ಓಡಾಡಿದ. ಕಡಲೆಹಿಟ್ಟು ಕಲಸಿ ಬೇಯಿಸಿದ ಅವನ ಮೊದಲ ಜುಣಕ ಎಷ್ಟು ಗಟ್ಟಿಯಾಗಿತ್ತೆಂದರೆ ಕಸ್ತೂರಿ ಅದರಿಂದ ಕಾಲಿಗೆ ಪ್ಲಾಸ್ಟರ್ ಹಾಕಬಹುದೆಂದಳು. ಆದರೂ ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡರು. ಹಾಗೆ ಉಂಡರೆ ಸೂಕ್ಷ್ಮಜೀವಿಗಳು ಬೇಗ ದಾಟುತ್ತವೆಂದು ಅವನ ಲೆಕ್ಕ. ಉಣ್ಣುತ್ತ ಮಾತೂ ಬೆಳೆಯಿತು. ಕಸ್ತೂರಿ ಓಣಿಯ ಹೆಂಗಸರಿಗೆ ಓದು ಕಲಿಸುತ್ತಿದ್ದಾಳೆಂಬುದು ಅವನಿಗೆ ಆಗಲೇ ಗೊತ್ತಾದದ್ದು. ಅವನೂ ಹುರುಪಿನಿಂದ ತನ್ನ ಕ್ಲಬ್ಬಿನ ಗೆಳೆಯ, ಅಭ್ಯರ್ಥಿ ಕೊಣ್ಣೂರ ಸಾಹೇಬರ ಗುಣಗಾನ ಮಾಡಿದ. ಕಸ್ತೂರಿ ರೊಟ್ಟಿ ಮುರಿಯುತ್ತ ಎಲ್ಲವನ್ನೂ ಕೇಳಿಸಿಕೊಂಡಳು.

ಕೊನೆಯ ದಿನ ಅವನು ಕೈ ತೊಳೆಯದೆ, ಉಸಿರು ಬಿಗಿಹಿಡಿದು ಲಕೋಟೆ ಎತ್ತಿದ.

"ಮನೆಯವರು. ಧನ್ಯವಾದಗಳು."

ರಾಚಪ್ಪನ ಕಣ್ಣು ತೇವವಾದವು. ಚಪ್ಪಲಿಗೆ ಕಾಲು ಚಾಚಿದ.

"ಅದನ್ನ ಇಲ್ಲಿ ಕೊಡ್ರಿ," ಎಂದಳು ಕಸ್ತೂರಿ. "ಹುಸೇನಬಿ ಒಯ್ತಾಳ."

"ಯಾಕ? ಈಗ ನಾನೂ ಮನಿಯವನ ಅಲ್ಲೇನು?"

"ಅದೀರಿ. ಆದ್ರ ಈ ಮೂರು ವಾರದಾಗ ನಿಮ್ಮ ಕೊಣ್ಣೂರ ಸಾಹೇಬ್ರ ಪುರಾಣ ಪೂರಾ ಕೇಳೇನಿ. ಅವರ ವಿರುದ್ಧ ಬಿದ್ದ ವೋಟು ನಿಮ್ಮ ಕೈಯಾಗಿಂದ ಜಾರಿ ಗಟಾರಕ್ಕ ಬಿದ್ದರ? ಮೊದಲ ದಿನ ಏನೂ ಗೊತ್ತಿರಲಿಲ್ಲ, ನಂಬಿ ಕೊಟ್ಟಿದ್ದೆ."

ಹುಸೇನಬಿ ಲಕೋಟೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು, "ಬರ್ತೀನ್ರಿ ಅಣ್ಣಾರ," ಎಂದು ಹೊರಟೇಬಿಟ್ಟಳು.

ರಾಚಪ್ಪ ಮೆಟ್ಟಿದ್ದ ಚಪ್ಪಲಿ ಕಳಚಿಟ್ಟ. ಆಮೇಲೆ ತಿರುಗಿ, ದನಿ ತಗ್ಗಿಸಿ ಕೇಳಿದ: "ಹಂಗಾರ ನಾಳೆಯಿಂದ ನಾನು ಎಲ್ಲಿ ಉಣ್ಲಿ?"

"ಇದೇನ್ ಕೇಳ್ತೀರಿ? ವೋಟಿಗೂ ರೊಟ್ಟಿಗೂ ಎಲ್ಲೀ ಸಂಬಂಧ?" ಎಂದಳು ಕಸ್ತೂರಿ. "ಇವತ್ತಾದ್ರೂ ಜುಣಕಕ್ಕ ನೀರು ಸ್ವಲ್ಪ ಜಾಸ್ತಿ ಹಾಕ್ರಿ."