ಬರೆಯದೆ ಬಿಟ್ಟ ಪಿನ್ನು

ಒದ್ದೆ ಪೇಪರಿನಿಂದ ಎಂಟನೆಯ ಚಿತ್ರದ ಗಾಜು ಉಜ್ಜಿ ಮುಗಿಸಿ ಅಮರೇಶ್ ಒಂಬತ್ತನೆಯದಕ್ಕೆ ಕೈ ಚಾಚಿದ. ಅದೊಂದು ಮಾತ್ರ ಗೋಡೆಗೆ ಮುಖ ಮಾಡಿಕೊಂಡು ನೇತಾಡುತ್ತಿತ್ತು.

“ಅದನ್ನ ಬಿಡ್ರಿ ಸಾರ್,” ಎಂದಳು ಕಸ ಗುಡಿಸುತ್ತಿದ್ದ ಚನ್ನಕ್ಕ. “ಅದು ಹಂಗ ಇರಲಿ.”

“ಯಾಕಮ್ಮಾ, ಮುಖ ತೋರ್ಸೋಕೆ ನಾಚಿಕೆನಾ ಅದಕ್ಕೆ?”

“ಮಾಟ ಐತ್ರೀ ಅದಕ್ಕ.”

ಅಮರೇಶ್ ಜೋರಾಗಿ ನಕ್ಕ. ದಾವಣಗೆರೆಯಲ್ಲಿ ಡಿಪ್ಲೊಮಾ ಓದಿ, ಪೀಣ್ಯದ ಈ ಮೋಟಾರ್ ಮೆಕ್ಯಾನಿಕ್ ಶಾಲೆಗೆ ಮೇಷ್ಟ್ರಾಗಿ ಬಂದು ಅವನಿಗಿನ್ನೂ ಹನ್ನೆರಡು ದಿನ. ಶುಕ್ರವಾರ ಸರ್ಕಾರದವರ ಇನ್‌ಸ್ಪೆಕ್ಷನ್ ಇತ್ತು. ಶಾಲೆಗೆ ಮಾನ್ಯತೆ ಸಿಕ್ಕರೆ ಅವನ ಕೆಲಸ ಕಾಯಂ ಎಂದು ಮಾಲೀಕ ಶ್ಯಾಮಣ್ಣ ಮಾತು ಕೊಟ್ಟಿದ್ದರು. ಕೆಲಸ ಕಾಯಂ ಆದ ಮೇಲೆಯೇ ಲಗ್ನಪತ್ರಿಕೆ ಎಂದು ಹುಡುಗಿಯ ಕಡೆಯವರೂ ಹೇಳಿ ಕಳಿಸಿದ್ದರು.

ಚಿತ್ರಗಳೇ ಆ ಶಾಲೆಯ ಆಸ್ತಿ. ಮುರಿಗೆಪ್ಪ ಮೇಷ್ಟ್ರು ೧೯೫೮ರಲ್ಲಿ ಕೈಯಿಂದ ಬರೆದವು. ಸೀಳಿ ತೋರಿಸಿದ ಎಂಜಿನ್ನು, ಗೇರ್ ಬಾಕ್ಸು, ಕಾರ್ಬ್ಯುರೇಟರು. ಕೂದಲೆಳೆಯಂಥ ಕಪ್ಪು ಗೆರೆ. ನೀರು ಹರಿಯುವ ಕಡೆ ನೀಲಿ, ಎಣ್ಣೆಗೆ ಹಳದಿ, ಹೊಗೆಗೆ ಕೆಂಪು. ಆದರೆ ಪ್ರತಿಯೊಂದರಲ್ಲೂ ಒಂದು ಭಾಗ ಇರುತ್ತಿರಲಿಲ್ಲ. ಅದು ಅವರು ಪಾಠ ಹೇಳುವ ರೀತಿ. ಬೇಕೆಂದೇ ಒಂದು ಭಾಗ ಬಿಟ್ಟು ಬರೆದು, “ಇಲ್ಲಿ ಏನಿಲ್ಲ ಹೇಳ್ರಪ್ಪಾ” ಎಂದು ಕೇಳುತ್ತಿದ್ದರಂತೆ. ಕಂಡುಹಿಡಿದವನಿಗೆ ಒಂದು ಬನ್ನು.

ಅಮರೇಶ್ ಒಂಬತ್ತನೆಯ ಚಿತ್ರವನ್ನು ತಿರುಗಿಸಿದ. ಲಾರಿಯನ್ನು ಎತ್ತಿ ನಿಲ್ಲಿಸುವ ಸ್ಟ್ಯಾಂಡು. ಕೊಳವೆಯೊಳಗೊಂದು ಕೊಳವೆ, ಎರಡನ್ನೂ ಹಾದುಹೋಗುವ ತೂತು. ಒಳಗಿನ ಕೊಳವೆ ಜಾರದಂತೆ ತೂತಿನಲ್ಲಿ ಇರಬೇಕಾದ ಪಿನ್ನು ಇಲ್ಲ. ಚೌಕಟ್ಟಿನ ಮೂಲೆಯಲ್ಲಿ ಕಪ್ಪಗೆ ಒಣಗಿದ ನಿಂಬೆಹಣ್ಣು, ಅದಕ್ಕೆ ಚುಚ್ಚಿದ ಮೊಳೆ, ಸುತ್ತಿದ ಕೂದಲು. ಕೊಳೆತ ಹುಳಿಯ ಜೊತೆ ಹಳೆಯ ಗ್ರೀಸಿನ ವಾಸನೆ ಮೂಗಿಗೆ ಹೊಡೆಯಿತು.

ಚನ್ನಕ್ಕ ಪೊರಕೆಯನ್ನು ಎದೆಗೆ ಒತ್ತಿಕೊಂಡಳು. “ಹದಿನಾಕು ವರ್ಷ ಆತ್ರಿ. ಬಸಲಿಂಗ ಅಂತ, ನಮ್ಮ ಲಿಂಗಸುಗೂರು ಕಡೆ ಹುಡುಗ. ಅವತ್ತು ಮೇಷ್ಟ್ರು ಬರೋದು ತಡಾ ಆತು. ಚಿತ್ರದಾಗ ಹೆಂಗೈತೋ ಹಂಗ ಸ್ಟ್ಯಾಂಡ್ ನಿಲ್ಲಿಸಿದ. ಪಿನ್ ಹಾಕ್ಲಿಲ್ಲ. ಲಾರಿ ಎದಿ ಮ್ಯಾಲೆ ಬಂತು. ಶಾಲೆಯವರು ಏನು ಬರದ್ರು ಗೊತ್ತೇನ್ರಿ? ಹುಡುಗ ಪಿನ್ ಕದ್ದು ಗುಜರಿಗೆ ಹಾಕ್ಯಾನ ಅಂತ.”

“ಆಮೇಲೆ?”

“ಅವ್ವ ದುರ್ಗವ್ವ ಬಂದ್ಳು. ಅಳಲಿಲ್ಲ. ಇದನ್ನ ಕಟ್ಟಿ, ಖರೇ ಮುಚ್ಚಿಟ್ಟ ಕೈ ಯಾರದ ಇರಲಿ, ಸೇದಿ ಹೋಗ್ಲಿ ಅಂದು ಹೋದ್ಳು. ಮೇಷ್ಟ್ರ ಬಲಗೈ ತಿಂಗಳದಾಗ ಒಣಗಿತ್ರಿ.”

“ಪಾರ್ಶ್ವವಾಯು ಹೊಡೆದಿರುತ್ತೆ ಬಿಡಮ್ಮ,” ಎಂದು ಅಮರೇಶ್ ನಿಂಬೆಹಣ್ಣನ್ನು ಕಿತ್ತು ಕಸದ ಬುಟ್ಟಿಗೆ ಎಸೆದ. ಎಳೆದ ರಭಸಕ್ಕೆ ಹಿಂದಿನ ರಟ್ಟು ಸಡಿಲವಾಗಿ, ಒಳಗಿನಿಂದ ಒಂದು ಹಳೆಯ ಇನ್‌ಲ್ಯಾಂಡ್ ಪತ್ರ ಕೆಳಗೆ ಬಿತ್ತು.

ವಿಳಾಸ ದುರ್ಗವ್ವನದು. ಅಂಟು ಹಾಕಿರಲಿಲ್ಲ. ಅಕ್ಷರಗಳೆಲ್ಲ ಎಡಕ್ಕೆ ವಾಲಿ, ನಡುಗಿ, ಒಂದರ ಮೇಲೊಂದು ಬಿದ್ದಿದ್ದವು. ‘ಎಡಗೈಯಲ್ಲಿ ಬರೆಯುತ್ತಿದ್ದೇನೆ ತಾಯಿ. ನಿಮ್ಮ ಮಗ ಕಳ್ಳನಲ್ಲ. ಪಿನ್ನು ಬರೆಯದೆ ಬಿಟ್ಟವನು ನಾನು. ಶಾಲೆಯವರ ಸುಳ್ಳಿಗೆ ಸಹಿ ಹಾಕಿದವನೂ ನಾನೇ.’ ಕೆಳಗೆ ಮುರಿಗೆಪ್ಪನವರ ಹೆಸರು. ಅಂಚೆಗೆ ಹಾಕುವ ಧೈರ್ಯ ಬಾರದೆ ಅವರು ಸತ್ತೇ ಹೋಗಿದ್ದರು.

ಅಮರೇಶ್ ಅದನ್ನು ಶ್ಯಾಮಣ್ಣನವರಿಗೆ ತೋರಿಸಿದ. ಅವರು ಓದಲಿಲ್ಲ, ಅಕ್ಷರ ನೋಡಿದ ಕೂಡಲೇ ಮಡಿಸಿ ವಾಪಸು ಕೊಟ್ಟರು.

“ಹರಿದು ಹಾಕಿ ಮೇಷ್ಟ್ರೇ. ಶುಕ್ರವಾರ ಇನ್‌ಸ್ಪೆಕ್ಷನ್ ಇಟ್ಕೊಂಡು ಯಾರಾದ್ರೂ ಇದನ್ನ ಕೆದಕ್ತಾರಾ? ನಿಮ್ಮ ಮದ್ವೆ ಆಗ್ಬೇಕೋ ಬೇಡ್ವೋ?”

ಹರಿಯಲು ಮನಸ್ಸು ಬರಲಿಲ್ಲ. ಕಳಿಸಲೂ ಇಲ್ಲ. ಚೀಲದ ತಳದಲ್ಲಿ, ಟಿಫಿನ್ ಡಬ್ಬಿಯ ಕೆಳಗೆ ಇಟ್ಟುಕೊಂಡ. ಆಮೇಲೆ ಮನಸ್ಸಿನ ಸಮಾಧಾನಕ್ಕೆಂದು ಗಾಜು ತೆಗೆದು, ತನ್ನ ಡ್ರಾಯಿಂಗ್ ಪೆನ್ನಿನಿಂದ ಆ ತೂತಿನಲ್ಲಿ ಒಂದು ಪಿನ್ನು ಬರೆದ. ಇಷ್ಟಕ್ಕೇ ತಾನೆ ಇಷ್ಟೆಲ್ಲ?

ಮಂಗಳವಾರ ಬಂದು ನೋಡಿದರೆ ಪಿನ್ನು ಇಲ್ಲ. ಬ್ಲೇಡಿನಿಂದ ಕೆರೆದ ಗುರುತಿಲ್ಲ. ಕಾಗದ ನುಣ್ಣಗೆ, ಹಳದಿಯಾಗಿ, ಮೊದಲಿದ್ದಂತೆಯೇ ಇತ್ತು.

“ನೀನೇ ಅಳಿಸಿದ್ದು ತಾನೇ?” ಚನ್ನಕ್ಕನನ್ನು ಅಡ್ಡಗಟ್ಟಿದ.

“ನನಗ ಗಾಜು ತಗಿಯೋಕ ಬರಂಗಿಲ್ರಿ,” ಎಂದವಳು ಅವನ ಕೈ ನೋಡಿ ಹಿಂದೆ ಸರಿದಳು. “ನಿಮ್ಮ ಬಟ್ಟು…”

ಬಲಗೈಯ ಮೂರು ಬೆರಳುಗಳ ತುದಿ ಕಪ್ಪಾಗಿತ್ತು. ಇಂಕು ಎಂದುಕೊಂಡ. ಸೀಮೆಎಣ್ಣೆಯಲ್ಲಿ ತೊಳೆದ. ಹೋಗಲಿಲ್ಲ. ಮತ್ತೆ ಪಿನ್ನು ಬರೆದು, ಕೋಣೆಗೆ ಬೀಗ ಹಾಕಿ, ಬೀಗದ ಕೈಯನ್ನು ಜೇಬಿನಲ್ಲಿಟ್ಟುಕೊಂಡು ದಾಸರಹಳ್ಳಿಯ ತನ್ನ ರೂಮಿಗೆ ಹೋದ. ಬುಧವಾರವೂ ತೂತು ಖಾಲಿ. ಇನ್ನೊಂದು ಬೀಗದ ಕೈ ಶ್ಯಾಮಣ್ಣನ ಹತ್ತಿರ ಇದೆಯೇನೋ. ಅಥವಾ ಇಬ್ಬರೂ ಸೇರಿ ಆಟ ಆಡಿಸುತ್ತಿದ್ದಾರೆಯೇ? ಯಾರನ್ನು ನೋಡಿದರೂ ಅನುಮಾನ. ಊಟಕ್ಕೆ ಕೂತರೆ ಆ ಮೂರು ಬೆರಳಿಗೆ ಬಿಸಿ ಅನ್ನದ ಬಿಸಿಯೇ ತಿಳಿಯಲಿಲ್ಲ.

ಗುರುವಾರ ಬೆಳಿಗ್ಗೆ ಹಳೆಯ ಲಾರಿಯನ್ನು ನಾಲ್ಕು ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿದರು. ನಾಲ್ಕೂ ಪಿನ್ನುಗಳನ್ನು ಅಮರೇಶನೇ ಹಾಕಿದ. ಎರಡು ಸಲ ಮುಟ್ಟಿ ನೋಡಿದ. ತರಬೇತಿಗೆ ಸೇರಿದ್ದ ಗಾರೆ ಕೆಲಸದ ಭೀಮಪ್ಪ, ಎರಡು ಮಕ್ಕಳ ತಂದೆ, ಲಾರಿಯ ಕೆಳಗೆ ತೂರಿದ.

ಮಧ್ಯಾಹ್ನ ಮೂರಕ್ಕೆ, ಊಟ ಮುಗಿಸಿ ಭೀಮಪ್ಪ ಮತ್ತೆ ಲಾರಿಯ ಕೆಳಗೆ ಹೋಗಿದ್ದಾಗ, ಕರೆಂಟು ಹೋಯಿತು. ಬಣ್ಣ ಹೊಡೆಯಲೆಂದು ಕಿಟಕಿಗಳಿಗೆಲ್ಲ ಪೇಪರ್ ಅಂಟಿಸಿದ್ದರು. ಶೆಡ್ಡು ಕಪ್ಪಾಯಿತು. ಪಕ್ಕದ ಕಾರ್ಖಾನೆಯ ಪ್ರೆಸ್ಸಿನ ಧಡ್ ಧಡ್ ಸದ್ದೂ ನಿಂತಿತು.

ಆ ನಿಶ್ಶಬ್ದದಲ್ಲಿ ಕಬ್ಬಿಣ ಕಬ್ಬಿಣಕ್ಕೆ ಉಜ್ಜಿತು.

ಕ್ರ್ರ್.

ಕೊಳೆತ ನಿಂಬೆಯ ವಾಸನೆ. ಅಮರೇಶ್ ಮಂಡಿಯೂರಿ ತಡಕಿದ. ಮೊದಲ ಸ್ಟ್ಯಾಂಡು. ಪಿನ್ನಿದೆ. ಎರಡನೆಯದು. ಇದೆ. ಮೂರನೆಯದು. ಬೆರಳು ತೂತಿನೊಳಗೆ ಹೋಯಿತು. ಖಾಲಿ. ಒಳಗಿನ ಕೊಳವೆ ಜಾರುತ್ತಿತ್ತು. ನಿಧಾನ. ಬೆರಳನ್ನು ಸವರಿಕೊಂಡೇ ಜಾರುತ್ತಿತ್ತು.

“ಭೀಮಪ್ಪಾ! ಆಚೆ ಬಾ!”

“ಏನ್ರೀ ಸಾರ್?”

ಎಡಗೈಗೆ ಅಂಗಿ ಸಿಕ್ಕಿತು. ಎಳೆದ. ಬಲಗೈಯ ಬೆರಳುಗಳು ತೂತಿನಲ್ಲಿ ಕಚ್ಚಿಕೊಂಡಿದ್ದವು. ಬಿಡಿಸಲಿಲ್ಲ. ಎಳೆದ. ಭೀಮಪ್ಪ ಉರುಳಿ ಹೊರಬಂದ. ಲಾರಿ ಕುಸಿಯಿತು. ನೆಲ ನಡುಗಿತು. ಅಮರೇಶನಿಗೆ ನೋವೇ ಆಗಲಿಲ್ಲ. ಅದೇ ಅವನನ್ನು ಹೆಚ್ಚು ಹೆದರಿಸಿತು.

ಕಪ್ಪಾಗಿದ್ದ ಆ ಮೂರೂ ಬೆರಳು ಹೋದವು.

ಪತ್ರ ಹುಡುಕಲೆಂದು ಅಮರೇಶನ ಚೀಲ ಜಾಲಾಡಿದ ಶ್ಯಾಮಣ್ಣನಿಗೆ ಪತ್ರ ಸಿಗಲಿಲ್ಲ, ಪಿನ್ನು ಸಿಕ್ಕಿತು. ಆಸ್ಪತ್ರೆಯ ಮಂಚದ ಹತ್ತಿರ ಬಂದು ಅದನ್ನು ಎತ್ತಿ ತೋರಿಸಿದರು. “ನಿಮ್ಮ ಚೀಲದಲ್ಲೇ ಇತ್ತಲ್ರೀ. ಗುಜರಿಗೆ ಹಾಕೋ ಚಟ ನಿಮಗೂ ಇದೆಯಾ? ರಿಪೋರ್ಟಿನಲ್ಲಿ ಹಾಗೇ ಬರ್ದಿದೀನಿ.” ಹೊರಟು ನಿಂತವರು ಕರ್ಚೀಫಿನಿಂದ ಕೈ ಒರೆಸಿಕೊಂಡರು. ಪಿನ್ನಿಗೆ ಇಂಕು ಹತ್ತಿತ್ತು. ಇನ್ನೂ ಹಸಿ.

ಅವರು ಹೋದ ಮೇಲೆ ಚನ್ನಕ್ಕ ಸೆರಗಿನ ಗಂಟು ಬಿಚ್ಚಿ ಇನ್‌ಲ್ಯಾಂಡ್ ಪತ್ರ ತೆಗೆದಳು. “ಅವರಿಗಿಂತ ಮೊದ್ಲ ನಾ ತಗದಿಟ್ಟೆ. ನನಗ ಓದಾಕ ಬರಂಗಿಲ್ಲ. ನಿಮ್ಮನ್ನೂ ಕಳ್ಳ ಅಂದ್ರಲ್ಲ ಸಾರ್. ಆ ಅವ್ವ ಹದಿನಾಕು ವರ್ಷ ಇದ ಮಾತು ಕೇಳ್ಕೊಂತ ಕುಂತಾಳ.”

ಹುಡುಗಿಯ ಕಡೆಯವರಿಂದ ಸುದ್ದಿ ಬರಲಿಲ್ಲ. ಕಟ್ಟು ಬಿಚ್ಚಿದ ದಿನ ಅಮರೇಶ್ ನೇರ ದಾಸರಹಳ್ಳಿಯ ಅಂಚೆ ಕಚೇರಿಗೆ ನಡೆದ. ಪತ್ರದಲ್ಲಿ ಉಳಿದಿದ್ದ ಜಾಗದಲ್ಲಿ ಎಡಗೈಯಲ್ಲಿ ಬರೆದ: ‘ಇದನ್ನು ನಾನೂ ಹತ್ತು ದಿನ ಮುಚ್ಚಿಟ್ಟೆ. ನಿಮ್ಮ ಮಗ ಕಳ್ಳನಲ್ಲ. ನಾನು ಸಾಕ್ಷಿ ಹೇಳುತ್ತೇನೆ.’ ಅಂಟು ಸವರಿ, ಹಿಂಬದಿಯಲ್ಲಿ ಕಳಿಸಿದವರ ವಿಳಾಸವೆಂದು ತನ್ನ ಹೆಸರು ಬರೆದು ಕೌಂಟರಿಗೆ ಚಾಚಿದ.

“ಹಳೇ ರೇಟಿನ ಇನ್‌ಲ್ಯಾಂಡ್ ಸಾರ್, ಮೇಲೆ ಸ್ಟ್ಯಾಂಪ್ ಹಚ್ಬೇಕು,” ಎಂದ ಗುಮಾಸ್ತ. ಹಚ್ಚಿದ ಮೇಲೆ ಪತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಅಮರೇಶನ ಮೊಂಡು ಕೈಯನ್ನೂ ನೋಡಿದ. “ಪಾಪ, ಎರಡೂ ವಿಳಾಸ ನೀವೇ ಬರ್ಕೊಂಡ್ರಾ? ಯಾರನ್ನಾದ್ರೂ ಕೇಳಿದ್ರೆ ಬರ್ಕೊಡ್ತಿದ್ರು.”

ಅಮರೇಶ್ ಬಗ್ಗಿ ನೋಡಿದ. ಎಡಕ್ಕೆ ವಾಲಿದ, ನಡುಗುವ, ಒಂದರ ಮೇಲೊಂದು ಬಿದ್ದ ಅಕ್ಷರ. ಮುರಿಗೆಪ್ಪನವರು ಬರೆದ ಬದಿಯಲ್ಲೂ ಅದೇ, ತಾನು ಬರೆದ ಬದಿಯಲ್ಲೂ ಅದೇ.

“ಹೂಂ,” ಎಂದ.

ಗುಮಾಸ್ತ ಮುದ್ರೆ ಒತ್ತಿ ಪತ್ರವನ್ನು ಚೀಲಕ್ಕೆ ಹಾಕಿದ.