ಡೇರೆ ಸರಿದ ಜಾಗ

ಜನವರಿ ಹತ್ತೊಂಬತ್ತು, ಮಧ್ಯಾಹ್ನ 2.40. ಬಲೂನು ಉತ್ಸವದ ಮೈದಾನದಿಂದ ಓಡಿಬಂದ ಹುಡುಗಿ ಠಾಣೆಯ ಬೆಂಚಿನ ಮೇಲೆ ಕುಸಿದು ಕೂತಳು. ಬಿಸಿಗಾಳಿ ಬಲೂನು ಹಾರಿಸುವವಳು. ಅವಳ ಬುಟ್ಟಿಯ ಮೇಲಿದ್ದ, ಗಾಳಿ ಕಾಯಿಸುವ ಬರ್ನರ್ ಕಳವಾಗಿತ್ತು.

"ಫೈನಲ್ ಎಷ್ಟಕ್ಕಮ್ಮಾ?" ಇನ್‌ಸ್ಪೆಕ್ಟರ್ ಕೇಳಿದರು.

"ಐದೂವರೆಗೆ ಸಾರ್. ಇಲ್ಲಿತನಕ ನಾನೇ ಮುಂದಿದೀನಿ. ಹಾರದಿದ್ರೆ ಎಲ್ಲಾ ನೀರುಪಾಲು."

"ಬೇರೆಯವರದ್ದು ಕೇಳಿ ತಗೊಳ್ಳಿ."

"ತಪಾಸಣೆಯಾಗಿ ಸೀಲ್ ಬಿದ್ದದ್ದೇ ಆಗ್ಬೇಕು ಸಾರ್."

ಎಫ್‌ಐಆರ್ ದಾಖಲಾಯಿತು. 3.05ಕ್ಕೆ ಇನ್‌ಸ್ಪೆಕ್ಟರ್ ಜೊತೆ ಮೈದಾನಕ್ಕೆ ಬಂದಿಳಿದ ಮಹಿಳಾ ಪೇದೆಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಹಾಡಹಗಲಲ್ಲಿ ನಲವತ್ತು ಡೇರೆಗಳಿಂದ ಗೊರಕೆ.

"ಇದೇನಪ್ಪಾ, ಎಲ್ಲಾ ಕುಂಭಕರ್ಣನ ನೆಂಟರಾ?"

ಗೇಟಿನ ಕಾವಲುಗಾರ ನಕ್ಕ. "ಬೆಳಗ್ಗೆ ಹಾರ್ತಾರೆ, ಸಂಜೆ ಹಾರ್ತಾರೆ ಮೇಡಂ. ನಡುವೆ ಬಿಸಿಲಿಗೆ ಗಾಳಿ ಕೆರಳುತ್ತೆ. ಮಲಗದೆ ಇನ್ನೇನು ಮಾಡ್ತಾರೆ?"

ಬೆಳಗಿನ ಹಾರಾಟ ಮುಗಿದ ಹನ್ನೊಂದರ ನಂತರ ಒಂದು ವಾಹನವೂ ಹೊರಹೋಗಿಲ್ಲ ಎಂದಿತ್ತು ಅವನ ಪುಸ್ತಕ. ಮಾಲು ಒಳಗೇ ಇತ್ತು. ಬುಟ್ಟಿಯ ಬೋಲ್ಟುಗಳನ್ನು ಅಚ್ಚುಕಟ್ಟಾಗಿ ಬಿಚ್ಚಿ, ಗ್ಯಾಸ್ ಪೈಪಿನ ಬಾಯಿಗೆ ಮುಚ್ಚಳ ಹಾಕಲಾಗಿತ್ತು.

"ಕಸುಬು ಬಲ್ಲವನ ಕೈ," ಎಂದರು ಇನ್‌ಸ್ಪೆಕ್ಟರ್.

ಪೇದೆ ಸಾಲುಸಾಲಾಗಿ ನಡೆದಳು. ತರಬೇತಿಯ ಮೂರು ತಿಂಗಳು ಡೇರೆಯಲ್ಲೇ ಮಲಗಿದವಳು ಅವಳು. ಕೊನೆಯ ಡೇರೆಯ ಪಕ್ಕ ಅವಳ ಕಾಲು ನಿಂತಿತು. ಎರಡು ಮೊಳ ಅಗಲ, ಹುಲ್ಲು ಬಿಸಿಲು ಕಾಣದೆ ಹಳದಿಯಾಗಿ ಮಲಗಿತ್ತು. ಆಚೆ ಬದಿಯಲ್ಲಿ ಹಸಿರು ಹುಲ್ಲು ಡೇರೆಯ ಅಂಚಿನಡಿ ಆಗಷ್ಟೇ ಬಾಗಿತ್ತು. ನಾಲ್ಕು ದಿನ ಒಂದೆಡೆ ಇದ್ದ ಡೇರೆ ಇವತ್ತು ಸರಿದಿತ್ತು.

ಡೇರೆಯ ಮುಂದೆ ಎಚ್ಚರವಾಗಿ ಕೂತಿದ್ದವರು ಹುಡುಗಿಯ ಚಿಕ್ಕಪ್ಪ. ಇದೇ ಸ್ಪರ್ಧೆಯನ್ನು ಆರು ವರ್ಷ ಗೆದ್ದವರು. ಅವಳಿಗೆ ಹಾರಲು ಕಲಿಸಿದವರೂ ಅವರೇ.

"ಡೇರೆ ಯಾಕೆ ಸರಿಸಿದ್ರಿ?"

"ನೆರಳಿಗೆ."

"ನೆರಳು ಬಿಟ್ಟು ಬಿಸಿಲಿಗೆ ಬಂದಿದೀರಲ್ಲಾ ಯಜಮಾನ್ರೇ?"

ಪೊಲೀಸರು ಪಂಚರ ಸಮಕ್ಷಮ ಡೇರೆಯ ನೆಲಹಾಸು ಎತ್ತಿದರು. ಕಂಬಕ್ಕೆಂದು ತೋಡಿ ಬಿಟ್ಟಿದ್ದ ಗುಂಡಿಯಲ್ಲಿ, ಕಂಬಳಿ ಸುತ್ತಿದ ಬರ್ನರ್. ಸೀಲ್ ಹಾಗೇ ಇತ್ತು. 3.50ಕ್ಕೆ ಪಂಚನಾಮೆ, ಜಪ್ತಿ.

"ಚಿಕ್ಕಪ್ಪಾ..." ಎಂದಳು ಹುಡುಗಿ.

ಜಪ್ತಿಯಾದ ಮಾಲು ನ್ಯಾಯಾಲಯದ ವಶಕ್ಕೆ ಹೋಗಬೇಕು. ಇನ್‌ಸ್ಪೆಕ್ಟರ್ ಗಡಿಯಾರ ನೋಡಿದರು, ಜೀಪಿನ ಬಾನೆಟ್ ಮೇಲೇ ಕಾಗದವಿಟ್ಟು ಬರ್ನರ್ ಬಿಡುಗಡೆಗೆ ಅರ್ಜಿ ಗೀಚಿದರು.

"ಕೋರ್ಟಿಗೆ ಇವತ್ತು ರಜೆ, ಮ್ಯಾಜಿಸ್ಟ್ರೇಟ್ ಮನೆಗೇ ಹೋಗಮ್ಮಾ. ಗಾಡಿ ಹಾರಿಸು."

ಪೇದೆ 5.05ಕ್ಕೆ ಮರಳಿದಳು, ಮೈತುಂಬ ಧೂಳು, ಕೈಯಲ್ಲಿ ಆದೇಶ. ಮುಚ್ಚಳಿಕೆ ಬರೆಸಿಕೊಂಡು ಬರ್ನರ್ ಕೊಡಬಹುದಿತ್ತು. ಹುಡುಗಿ ಸಹಿ ಹಾಕಿ ಓಡಿದಳು. ಎದ್ದು ಬಂದಿದ್ದ ಎದುರಾಳಿಗಳೇ ಸ್ಪ್ಯಾನರ್ ಹಿಡಿದು ಬೋಲ್ಟು ಬಿಗಿದರು.

5.20ಕ್ಕೆ ಚಿಕ್ಕಪ್ಪನ ಬಂಧನ. ಜೀಪಿನಲ್ಲೇ ಹೇಳಿಕೆ ಶುರುವಾಯಿತು.

"ನಿನ್ನೆ ಮೈಕಲ್ಲಿ ನನ್ನನ್ನ ಕರೆದಿದ್ದು 'ಅವಳ ಚಿಕ್ಕಪ್ಪ' ಅಂತ. ಆರು ವರ್ಷ ಗೆದ್ದೋನನ್ನ. ಅಷ್ಟೇ."

5.32. ಹುಡುಗಿಯ ಕೆಂಪು ಬಲೂನು ಮೈದಾನದ ಅಂಚಿನಿಂದ ನೆಲ ಬಿಟ್ಟಿತು. ಗಾಳಿ ಹಿಡಿದು ತೇಲಿಬಂದು, ಮೈದಾನದ ನಡುವಿನ ಬಿಳಿ ಗುರುತಿಗೆ ಹುಡುಗಿ ಮರಳಿನ ಚೀಲ ಎಸೆದಳು. ಗುರುತಿಗೆ ಅತಿ ಹತ್ತಿರ ಚೀಲ ಬೀಳಿಸಿದವರದ್ದೇ ಗೆಲುವು. ಜನ ಕೂಗಿದ ಕೂಗಿಗೆ ಜೀಪಿನ ಗಾಜು ಅದುರಿತು. ಕಾವಲುಗಾರ ಗೇಟು ಬಿಟ್ಟು ಕುಣಿದ. ಇನ್‌ಸ್ಪೆಕ್ಟರ್ ಟೋಪಿ ತೆಗೆದು ಬೀಸಿದರು.

"ಎಷ್ಟು ದೂರದಲ್ಲಿ ಬಿತ್ತು?" ಚಿಕ್ಕಪ್ಪ ಕೇಳಿದರು.

"ಒಂದು ಗೇಣು," ಎಂದಳು ಪೇದೆ. ಅವಳಿಗೆ ನಗು ತಡೆಯಲಾಗಲಿಲ್ಲ.

ಅವರು ತಮ್ಮ ಅಂಗೈ ಅಗಲಿಸಿ ನೋಡಿಕೊಂಡರು.

"ನಂದು ಯಾವತ್ತೂ ಮೂರು ಗೇಣಿನ ಒಳಗೆ ಬಿದ್ದಿಲ್ಲ," ಎಂದರು.